ಮಿತಾಕ್ಷರೆಯ ಧರ್ಮಾಧಿಕರಣವೂ ಅರಸನ ಅನ್ಯಾಯವೂ

ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯೆಂಬ ವ್ಯಾಖ್ಯಾನವು ದಾಯವಿಭಾಗದ ವಿಷಯದಲ್ಲಿ ಪ್ರಮಾಣಗ್ರಂಥವೆಂದು ಲೋಕಪ್ರಸಿದ್ಧವಾಗಿದೆ. ೧೮೧೦ರಲ್ಲಿ ಕೋಲ್‌ಬ್ರೂಕನು ಆ ಭಾಗವನ್ನು ಇಂಗ್ಲಿಷಿಗೆ ಪರಿವರ್ತಿಸಿದ ಮೇಲಂತೂ ಕಂಪೆನಿಯ ಅದಾಲತ್ತುಗಳಿಂದ ಹಿಡಿದು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ವಂಗದೇಶವೊಂದುಳಿದು ಉಳಿದೆಡೆಯ ಹಿಂದೂ ಕುಟುಂಬಗಳ ಸೊತ್ತಿನ ವ್ಯಾಜ್ಯಗಳೆಲ್ಲ ಬಹುಮಟ್ಟಿಗೆ ಈ ಗ್ರಂಥದ ಆಧಾರದ ಮೇಲೆಯೇ ತೀರ್ಮಾನವಾಗುತ್ತಿದ್ದುವು. ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನವು ಬರುವವರೆಗೂ ಅದರ ಅಧಿಕಾರ ಹಾಗೆಯೇ ನಡೆಯಿತು. ಈ ಪ್ರಸಿದ್ಧಿಯಿಂದ ಒಂದು ಹಾನಿಯೂ ಆಗಿದೆ. ಆಸ್ತಿಯನ್ನು ಹಂಚಿಕೊಳ್ಳುವ ಪ್ರಕರಣವನ್ನು ವಕೀಲರು ಕಂಠಪಾಠ ಮಾಡಿದರು. ಅದೇ ವ್ಯವಹಾರಾಧ್ಯಾಯದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಇರುವ ಮಾತುಗಳು, ಎಂದರೆ ನ್ಯಾಯವನ್ನು ನೋಡತಕ್ಕವರು ಯಾರು, ಅವರು ತಪ್ಪಿದರೆ ಏನು, ಅರಸನೇ ತಪ್ಪಿದರೆ ಏನು ಎಂಬ ಮಾತುಗಳು, ಪಂಡಿತರ ಗೋಷ್ಠಿಯನ್ನು ಬಿಟ್ಟು ಹೊರಗೆ ಬರಲಿಲ್ಲ. ಕಾನೂನಿನ ಆಳ್ವಿಕೆಯೆಂಬುದು ಪಶ್ಚಿಮದಿಂದ ಬಂದ ಸರಕೆಂದು ಹೇಳುವವರೂ, ಅದೆಲ್ಲವೂ ನಮ್ಮ ಸ್ಮೃತಿಗಳಲ್ಲಿ ಮೊದಲೇ ಇದ್ದಿತೆಂದು ಸಾಧಿಸುವವರೂ ಈ ಮಾತುಗಳನ್ನು ಓದಿದಂತೆ ತೋರುವುದಿಲ್ಲ.

ಗ್ರಂಥವು ಹುಟ್ಟಿದ ಸ್ಥಳ ಕಲ್ಯಾಣ, ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಕಾಲವು ಚಾಲುಕ್ಯ ಆರನೆಯ ವಿಕ್ರಮಾದಿತ್ಯನದು, ಎಂದರೆ ೧೦೭೬ರಿಂದ ೧೧೨೬ರವರೆಗಿನ ಅರ್ಧ ಶತಮಾನ. ಗ್ರಂಥಾಂತ್ಯದಲ್ಲಿ ವಿಜ್ಞಾನೇಶ್ವರನು ಆ ಪಟ್ಟಣವನ್ನೂ ಆ ಅರಸನನ್ನೂ ಹೊಗಳಿದ್ದಾನೆ. ಕಾಶ್ಮೀರದಿಂದ ಬಂದ ಬಿಲ್ಹಣ ಕವಿಯು ಅದೇ ಆಸ್ಥಾನದಲ್ಲಿದ್ದುಕೊಂಡು ಅದೇ ಅರಸನ ವಿಜಯಗಳನ್ನು ಮಹಾಕಾವ್ಯವಾಗಿ ಹಾಡಿದನಷ್ಟೆ. ಒಬ್ಬನೇ ಪ್ರಭುವಿನ ಆಶ್ರಯದಲ್ಲಿ ಒಬ್ಬನು ಅರಸನ ಕೀರ್ತಿಯನ್ನು ಬರೆದನು. ಮತ್ತೊಬ್ಬನು ಅರಸನಿಗೆ ತಟ್ಟುವ ದೋಷಗಳನ್ನು ಎಣಿಸಿದನು. ಎರಡನ್ನೂ ಬರೆಯಗೊಟ್ಟ ಅರಸನ ವಿಷಯದಲ್ಲಿ ಇದು ಒಳ್ಳೆಯ ಸಾಕ್ಷ್ಯವೇ ಸರಿ.

ವ್ಯವಹಾರವೆಂದರೇನು? ಒಬ್ಬನು ಒಂದು ವಸ್ತುವನ್ನು ತನ್ನದೆಂದು ಮತ್ತೊಬ್ಬನಿಗೆ ವಿರೋಧವಾಗಿ ಹೇಳುವುದೇ ವ್ಯವಹಾರವೆಂದು ವ್ಯಾಖ್ಯಾನಕಾರನ ಲಕ್ಷಣ. ಈ ಹೊಲ ನನ್ನದೆಂದು ಒಬ್ಬನು, ಅಲ್ಲ ನನ್ನದೆಂದು ಇನ್ನೊಬ್ಬನು. ಇಂತಹ ವ್ಯವಹಾರಗಳನ್ನು ಅರಸನು ವಿದ್ವಾಂಸರಾದ ಬ್ರಾಹ್ಮಣರೊಡನೆ, ಧರ್ಮಶಾಸ್ತ್ರಕ್ಕೆ ಅನುಸಾರವಾಗಿ, ಕ್ರೋಧಲೋಭಗಳನ್ನು ಬಿಟ್ಟು ನೋಡಬೇಕೆಂಬುದು ಅಧ್ಯಾಯದ ಮೊದಲ ಶ್ಲೋಕದ ತಾತ್ಪರ್ಯ. ಮೇಲುನೋಟಕ್ಕೆ ಇದರಲ್ಲಿ ಹೊಸದೇನೂ ಇಲ್ಲ. ಆದರೆ ವಿಜ್ಞಾನೇಶ್ವರನು ಇಲ್ಲಿಯ ಒಂದೊಂದು ಪದವನ್ನೂ ಒರೆಗಲ್ಲಿಗೆ ಹಚ್ಚುತ್ತಾನೆ. ‘ನೃಪ’ ಎಂದಿರುವುದರಿಂದ ಇದು ಕ್ಷತ್ರಿಯಜಾತಿಯವನಿಗೆ ಮಾತ್ರ ಸೇರಿದ ಧರ್ಮವಲ್ಲ. ಪ್ರಜಾಪಾಲನೆಯ ಅಧಿಕಾರವನ್ನು ಹೊತ್ತವನು ಯಾವನೇ ಆಗಲಿ ಅವನಿಗೂ ಇದು ತಪ್ಪದು. ಹೀಗೆ ಕರ್ತವ್ಯವು ಹುಟ್ಟಿಗೆ ಅಂಟಿಕೊಳ್ಳದೆ ಅಧಿಕಾರಕ್ಕೆ ಅಂಟಿಕೊಂಡಿತು. ‘ಧರ್ಮಶಾಸ್ತ್ರಾನುಸಾರೇಣ’ ಎಂದಿರುವುದರಿಂದ ಅರ್ಥಶಾಸ್ತ್ರಕ್ಕೆ ಅನುಸಾರವಾಗಿ ಅಲ್ಲ ಎಂದು ಬೇರ್ಪಡಿಸುತ್ತಾನೆ. ರಾಜ್ಯದ ಲಾಭನಷ್ಟಗಳ ಗಣಿತದಿಂದ ತೀರ್ಪನ್ನು ಕೊಡತಕ್ಕದ್ದಲ್ಲವೆಂಬುದೇ ಇದರ ಭಾವ. ಧರ್ಮಶಾಸ್ತ್ರಕ್ಕೆ ವಿರುದ್ಧವಲ್ಲದ ದೇಶಾಚಾರಗಳಿಗೆ ಮಾತ್ರ ಒಳಗೆ ಎಡೆಯುಂಟು.

ಇವೆಲ್ಲಕ್ಕಿಂತ ಸ್ವಾರಸ್ಯವಾದುದು ‘ಬ್ರಾಹ್ಮಣರೊಡನೆ’ ಎಂಬ ತೃತೀಯಾ ವಿಭಕ್ತಿಯ ವಿಚಾರ. ‘ಸಹ’ ಎಂಬುದರ ಯೋಗದಲ್ಲಿ ತೃತೀಯೆಯು ಅಪ್ರಧಾನವಾದುದಕ್ಕೆ ಬರುತ್ತದೆಂದು ಪಾಣಿನಿಯ ಸೂತ್ರ. ಮಗನೊಡನೆ ತಂದೆಯು ಬಂದನು ಎಂದರೆ ಬರುವುದರಲ್ಲಿ ತಂದೆ ಪ್ರಧಾನನು, ಮಗನು ಗೌಣನು. ಇದರಿಂದ ವಿಜ್ಞಾನೇಶ್ವರನು ತೆಗೆಯುವ ಫಲಿತಾರ್ಥವು ಇದು: ವ್ಯವಹಾರವನ್ನು ನೋಡುವುದರಲ್ಲಿ ಅರಸನೇ ಪ್ರಧಾನನಾದುದರಿಂದ, ನೋಡದೆ ಬಿಟ್ಟರೂ ಅನ್ಯಥಾ ನೋಡಿದರೂ ದೋಷವು ಅರಸನದು, ಬ್ರಾಹ್ಮಣರದಲ್ಲ. ಪ್ರಾಧಾನ್ಯವೆಂದರೆ ಗೌರವವೆಂದು ಸಾಮಾನ್ಯರು ತಿಳಿಯುವರು. ಇಲ್ಲಿ ಅದು ಹೊಣೆ. ತಪ್ಪಾದ ತೀರ್ಪಿಗೆ ಪಂಡಿತರ ಸಲಹೆಯನ್ನು ಮರೆಮಾಡಿಕೊಂಡು ಅರಸನು ತಪ್ಪಿಸಿಕೊಳ್ಳುವಂತಿಲ್ಲ. ವ್ಯಾಕರಣವನ್ನು ಶುಷ್ಕವೆಂದು ಬಿಡುವ ವಿದ್ಯಾರ್ಥಿಗಳಿಗೆ ತೋರಿಸತಕ್ಕ ಉದಾಹರಣೆಯಿದು. ಒಂದು ವಿಭಕ್ತಿಯ ಮೇಲೆ ರಾಜ್ಯದ ಹೊಣೆಗಾರಿಕೆಯೇ ನಿಂತಿದೆ.

ಇನ್ನು ಸಭ್ಯರು. ಅಧ್ಯಯನಸಂಪನ್ನರೂ ಧರ್ಮಜ್ಞರೂ ಸತ್ಯವಾದಿಗಳೂ ಶತ್ರುಮಿತ್ರರಲ್ಲಿ ಸಮರೂ ಆದವರನ್ನು ಅರಸನು ಸಭಾಸದರನ್ನಾಗಿ ನಿಯಮಿಸಬೇಕು. ಅವರು ಏಳು, ಐದು ಅಥವಾ ಮೂವರು. ಜನಾನುರಾಗಕ್ಕಾಗಿ ಕೆಲವರು ವರ್ತಕರನ್ನೂ ಸಭೆಯಲ್ಲಿ ಕುಳ್ಳಿರಿಸಬೇಕೆಂದು ಕಾತ್ಯಾಯನನ ವಚನವನ್ನು ಆಧಾರವಾಗಿ ಹೇಳಿದೆ. ಅರಸನಿಗೆ ಬೇರೆ ಕಾರ್ಯವಿದ್ದರೆ ಅವನ ಸ್ಥಾನದಲ್ಲಿ ಸರ್ವಧರ್ಮಜ್ಞನಾದ ಬ್ರಾಹ್ಮಣನೊಬ್ಬನು ಸಭ್ಯರೊಡನೆ ಕುಳಿತುಕೊಳ್ಳುವನು. ಅವನೇ ಪ್ರಾಡ್ವಿವಾಕನು, ಅರ್ಥಿಪ್ರತ್ಯರ್ಥಿಗಳನ್ನು ಕೇಳಿ ಸಭ್ಯರೊಡನೆ ವಿವೇಚಿಸುವವನು.

ಮೊದಲ ಶ್ಲೋಕದ ಬ್ರಾಹ್ಮಣರಿಗೂ ಎರಡನೆಯ ಶ್ಲೋಕದ ಸಭಾಸದರಿಗೂ ಏನು ಭೇದವೆಂಬ ಪ್ರಶ್ನೆಯನ್ನು ವಿಜ್ಞಾನೇಶ್ವರನೇ ಎತ್ತಿಕೊಳ್ಳುತ್ತಾನೆ. ಆ ಬ್ರಾಹ್ಮಣರು ಅನಿಯುಕ್ತರು, ಸಭಾಸದರು ನಿಯುಕ್ತರು. ಈ ಭೇದದಿಂದ ಕರ್ತವ್ಯದ ಭೇದವು ಹುಟ್ಟುತ್ತದೆ. ನಿಯಮಿತನಾಗದೆ ಸಭೆಗೆ ಬಂದ ವಿದ್ವಾಂಸನು ಸುಳ್ಳು ಹೇಳಿದರೆ ದೋಷಿ, ತಿಳಿದೂ ಸುಮ್ಮನಿದ್ದರೆ ದೋಷಿ. ಆದರೆ ತಾನು ನಿಜವನ್ನು ಹೇಳಿದ ಮೇಲೆಯೂ ಅರಸನು ತನ್ನ ದಾರಿಯನ್ನೇ ಹಿಡಿದರೆ ಅವನನ್ನು ತಡೆಯುವ ಹೊಣೆ ಇವನಿಗಿಲ್ಲ. ನಿಯುಕ್ತನಾದ ಸಭ್ಯನ ಪಾಡು ಹಾಗಲ್ಲ. ಇದ್ದುದನ್ನು ಇದ್ದಂತೆ ಹೇಳಿಬಿಟ್ಟ ಮಾತ್ರಕ್ಕೆ ಅವನ ಋಣವು ತೀರಲಿಲ್ಲ. ಅರಸನು ಅದನ್ನು ಮೀರಿ ನಡೆದರೆ ಅವನನ್ನು ನಿವಾರಿಸಲೇಬೇಕು, ಇಲ್ಲವಾದರೆ ಅರಸನ ದೋಷದಲ್ಲಿ ಅವನಿಗೂ ಪಾಲು. ಸಂಬಳ, ಸ್ಥಾನ, ಗೌರವಗಳನ್ನು ಕೊಟ್ಟವನನ್ನೇ ತಡೆಯತಕ್ಕದ್ದು ಆ ಸ್ಥಾನದ ಮುಖ್ಯ ಕೆಲಸವೆಂಬ ಈ ವಿಚಾರವು ಹನ್ನೆರಡನೆಯ ಶತಮಾನದ ಹೊತ್ತಿಗೆ ಕಲ್ಯಾಣದಲ್ಲಿ ಇಷ್ಟು ಬಿಚ್ಚಿ ಹೇಳಲ್ಪಟ್ಟಿತ್ತೆಂಬುದು ಗಮನಾರ್ಹವಾಗಿದೆ.

ಸಭ್ಯರೇ ಕೆಟ್ಟರೆ? ರಾಗದಿಂದಲೋ ಲೋಭದಿಂದಲೋ ಭಯದಿಂದಲೋ ಸ್ಮೃತಿಗೆ ವಿರುದ್ಧವಾಗಿ ತೀರ್ಮಾನಿಸಿದ ಸಭ್ಯರಲ್ಲಿ ಒಬ್ಬೊಬ್ಬನಿಗೂ ಬೇರೆಬೇರೆಯಾಗಿ ಇಮ್ಮಡಿ ದಂಡ. ಯಾವುದರ ಇಮ್ಮಡಿ? ವ್ಯಾಜ್ಯದಲ್ಲಿರುವ ಸೊತ್ತಿನ ಇಮ್ಮಡಿಯಲ್ಲ, ಸೋತವನಿಗೆ ವಿಧಿಸುವ ದಂಡದ ಇಮ್ಮಡಿ ಎಂದು ವ್ಯಾಖ್ಯಾನಕಾರನು ತೀರ್ಮಾನಿಸುತ್ತಾನೆ. ಸೊತ್ತಿನ ಇಮ್ಮಡಿಯೆಂದರೆ ಸ್ತ್ರೀಸಂಗ್ರಹಣವೇ ಮೊದಲಾದ ವಿವಾದಗಳಲ್ಲಿ ಸೊತ್ತೇ ಇಲ್ಲದುದರಿಂದ ಸಭ್ಯರು ದಂಡವಿಲ್ಲದೆ ಪಾರಾಗುವರಷ್ಟೆ. ರಾಗ, ಲೋಭ, ಭಯ ಎಂದು ಹೆಸರಿಸಿ ಹೇಳಿರುವುದರಿಂದ ಅಜ್ಞಾನದಿಂದಾದ ತಪ್ಪಿಗೆ ಈ ಇಮ್ಮಡಿ ದಂಡವಿಲ್ಲ. ಲೋಭದ ಪಕ್ಕದಲ್ಲಿ ಭಯವನ್ನೂ ಇಟ್ಟಿರುವುದನ್ನು ಓದುಗರು ಗಮನಿಸಬೇಕು. ಲಂಚ ತಿಂದ ನ್ಯಾಯಾಧಿಪತಿಯನ್ನು ಎಲ್ಲ ದೇಶಗಳೂ ಹಳಿದಿವೆ. ಹೆದರಿದ ನ್ಯಾಯಾಧಿಪತಿಯನ್ನು ಅವನಿಗೆ ಸಮನಾಗಿ ದಂಡಿಸಿದ ಶಾಸ್ತ್ರಗಳು ವಿರಳ. ಅಧ್ಯಾಯದ ಕೊನೆಯ ಹೊತ್ತಿಗೆ ಮತ್ತೆ ಇದೇ ವಿಷಯವು ಬರುತ್ತದೆ: ಕೆಟ್ಟದಾಗಿ ನೋಡಲ್ಪಟ್ಟ ವ್ಯವಹಾರಗಳನ್ನು ಅರಸನು ಪುನಃ ನೋಡಿ, ಆ ಸಭ್ಯರನ್ನೂ ಅವರಿಂದ ಗೆದ್ದವನನ್ನೂ ಇಮ್ಮಡಿಯಾಗಿ ದಂಡಿಸಬೇಕು.

ವ್ಯವಹಾರವು ನಡೆಯುವ ಕ್ರಮವು, ಎಂದರೆ ಪ್ರತ್ಯರ್ಥಿಯ ಎದುರಿನಲ್ಲಿಯೇ ವರ್ಷ ಮಾಸ ಪಕ್ಷ ದಿನಗಳೊಡನೆ ಫಿರ್ಯಾದನ್ನು ಬರೆಸುವುದು, ನಾಲ್ಕು ವಿಧದ ಉತ್ತರಗಳು, ಲಿಖಿತ ಭುಕ್ತಿ ಸಾಕ್ಷಿಗಳು, ಅವಿಲ್ಲದಿದ್ದರೆ ದಿವ್ಯ, ಇವೆಲ್ಲವೂ ಬೇರೆ ಕಡೆಗಳಲ್ಲಿ ವಿಸ್ತಾರವಾಗಿ ನಿರೂಪಿತವಾಗಿರುವುದರಿಂದ ಇಲ್ಲಿ ಬೇಕಿಲ್ಲ. ಒಂದಂಶವು ಮಾತ್ರ ಪ್ರಕೃತಕ್ಕೆ ಸಂಬಂಧಿಸಿದ್ದು. ಅರಸನಾಗಲಿ ಅವನ ಕಡೆಯವರಾಗಲಿ ತಾವಾಗಿಯೇ ವ್ಯಾಜ್ಯವನ್ನು ಹುಟ್ಟಿಸತಕ್ಕದ್ದಲ್ಲವೆಂಬ ಮನುವಿನ ನಿಯಮವನ್ನು ಮಿತಾಕ್ಷರೆಯು ಅನುಸರಿಸುತ್ತದೆ. ಪೀಡಿತನು ಬಂದು ಅರಿಕೆ ಮಾಡಿಕೊಂಡರೆ ಬಾಗಿಲು ತೆರೆಯಬೇಕು. ಬಾಗಿಲಿನಿಂದ ಕೈ ನೀಡಿ ಪ್ರಜೆಯನ್ನು ಒಳಕ್ಕೆ ಎಳೆದುಕೊಳ್ಳುವುದಕ್ಕೆ ನ್ಯಾಯಸ್ಥಾನವನ್ನು ಉಪಯೋಗಿಸತಕ್ಕದ್ದಲ್ಲ.

ಎಲ್ಲ ನ್ಯಾಯವೂ ಅರಮನೆಯಿಂದಲೇ ಹೊರಡುತ್ತಿತ್ತೆಂದೂ ಭಾವಿಸಬಾರದು. ಅರಸನಿಂದ ಅಧಿಕೃತರಾದವರು, ಪೂಗ, ಶ್ರೇಣಿ, ಕುಲ ಎಂದು ನಾಲ್ಕು ಮೆಟ್ಟಲುಗಳಿವೆ. ಒಂದು ಸ್ಥಳದಲ್ಲಿ ವಾಸಿಸುವ ನಾನಾ ಜಾತಿಗಳ, ನಾನಾ ವೃತ್ತಿಗಳ ಜನಸಮೂಹವು ಪೂಗ, ಎಂದರೆ ಊರು ಅಥವಾ ನಗರ. ಒಂದೇ ಕಸುಬಿನಿಂದ ಜೀವಿಸುವವರ ಸಂಘವು ಶ್ರೇಣಿ. ಕುದುರೆಯ ವ್ಯಾಪಾರಿಗಳು, ವೀಳೆಯದೆಲೆ ಮಾರುವವರು, ನೇಯಿಗೆಯವರು, ಚರ್ಮಕಾರರು ಎಂದು ಉದಾಹರಣೆಗಳನ್ನು ಕೊಟ್ಟಿದೆ. ಜ್ಞಾತಿಬಂಧುಗಳ ಕೂಟವು ಕುಲ. ಕುಲದಲ್ಲಿ ಸೋತವನು ಶ್ರೇಣಿಗೆ, ಶ್ರೇಣಿಯಲ್ಲಿ ಸೋತವನು ಪೂಗಕ್ಕೆ, ಅಲ್ಲಿಂದ ಅರಸನ ಅಧಿಕಾರಿಗಳೆಡೆಗೆ ಏರಬಹುದು. ಮೇಲಿನಿಂದ ಕೆಳಗೆ ಇಳಿಯುವಂತಿಲ್ಲ. ಇದು ಪುಸ್ತಕದಲ್ಲಿ ಮಾತ್ರವೇ ಇದ್ದ ವ್ಯವಸ್ಥೆಯಾಗಿರಲಾರದು. ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘವೂ ಅಗ್ರಹಾರಗಳ ಮಹಾಜನರೂ ಕನ್ನಡ ಶಾಸನಗಳಲ್ಲಿ ಕೈಕೈಗೆ ಸಿಕ್ಕುತ್ತಾರೆ. ವಿಜ್ಞಾನೇಶ್ವರನಿಗಿಂತ ಬಹುಮುಂಚೆ, ಎಂಟನೆಯ ಶತಮಾನದ ಆದಿಭಾಗದಲ್ಲಿ, ಬಾದಾಮಿಯ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ, ಎಂದರೆ ಈಗಿನ ಲಕ್ಷ್ಮೇಶ್ವರದ, ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರವ್ಯವಸ್ಥೆಯನ್ನು ಕಲ್ಲಿನಲ್ಲಿ ಕೆತ್ತಿಸಿಕೊಟ್ಟನು. ರಾಜಪುರುಷರು ಊರವರಿಗೆ ಏನು ನಡೆಸಿಕೊಡತಕ್ಕದ್ದು, ಊರವರು ಅರಸನಿಗೆ ಏನು ಸಲ್ಲಿಸತಕ್ಕದ್ದು ಎಂಬುದು ಅದರ ವಿಷಯ. ಅರಸನ ಆಳುಗಳ ಕರ್ತವ್ಯವನ್ನು ಪ್ರಜೆಗಳು ಓದಬಲ್ಲ ಕನ್ನಡದಲ್ಲಿ, ಪ್ರಜೆಗಳ ಕಣ್ಣೆದುರಿಗೆ ನಿಲ್ಲಿಸಿದುದು ಸಣ್ಣ ಸಂಗತಿಯಲ್ಲ.

ಇಷ್ಟನ್ನು ಓದಿ ಉಬ್ಬಿಹೋಗುವುದು ಸುಲಭ. ಆದರೆ ಕಾನೂನಿನ ಮುಂದೆ ಎಲ್ಲರೂ ಸಮರೆಂಬ ತತ್ತ್ವವು ಈ ಗ್ರಂಥದಲ್ಲಿಲ್ಲ. ಒಂದೇ ಅಪರಾಧಕ್ಕೆ ವರ್ಣಾನುಸಾರವಾಗಿ ಬೇರೆಬೇರೆ ದಂಡಗಳುಂಟು. ಮೇಲಿನವನು ಕೆಳಗಿನವನನ್ನು ಬೈದರೆ ಒಂದು, ಕೆಳಗಿನವನು ಮೇಲಿನವನನ್ನು ಬೈದರೆ ಮತ್ತೊಂದು. ಸಾಕ್ಷಿಯಾಗುವ ಯೋಗ್ಯತೆಯಲ್ಲಿಯೂ, ವ್ಯವಹಾರ ನಡೆಸುವ ಯೋಗ್ಯತೆಯಲ್ಲಿಯೂ ಸ್ತ್ರೀಯರಿಗೆ ಅಡ್ಡಿಗಳುಂಟು. ನಿಯಮವು ಎಲ್ಲರನ್ನೂ ಕಟ್ಟುತ್ತದೆ, ಆದರೆ ಒಂದೇ ಹಗ್ಗದಿಂದ ಕಟ್ಟುವುದಿಲ್ಲ. ತಮ್ಮ ಸ್ವಧರ್ಮದಿಂದ ಜಾರಿದರೆ ಅರಸನ ಸಹೋದರನಾಗಲಿ ಮಗನಾಗಲಿ ಮಾವನಾಗಲಿ ಅದಂಡ್ಯರಲ್ಲವೆಂದು ಆಚಾರಾಧ್ಯಾಯದಲ್ಲಿ ಯಾಜ್ಞವಲ್ಕ್ಯನು ಹೇಳಿರುವುದು ಈ ಕೊರತೆಯನ್ನು ತುಂಬಲಾರದು. ಸ್ಮೃತಿಗಳನ್ನು ಈಗಿನ ಸಂವಿಧಾನದ ಪೂರ್ವಾವತಾರವೆಂದು ವರ್ಣಿಸುವ ಲೇಖಕರು ಸಾಮಾನ್ಯವಾಗಿ ಈ ಪುಟಗಳನ್ನು ಮಡಿಸಿಟ್ಟು ಮುಂದೆ ಹೋಗುತ್ತಾರೆ.

ಉಳಿದುದು ಅರಸನೇ ಅನ್ಯಾಯ ಮಾಡಿದಾಗಿನ ಮಾತು. ವ್ಯವಹಾರಾಧ್ಯಾಯದ ಕಟ್ಟಕಡೆಯ ಶ್ಲೋಕದ ವಿಷಯವೇ ಇದಾಗಿರುವುದು ಆಕಸ್ಮಿಕವಲ್ಲವೆಂದು ತೋರುತ್ತದೆ. ಅರಸನು ಅನ್ಯಾಯವಾಗಿ ತೆಗೆದುಕೊಂಡ ದಂಡವನ್ನು ತಾನೇ ಮೂವತ್ತುಮಡಿ ಮಾಡಿ, ವರುಣನಿಗೆಂದು ನಿವೇದಿಸಿ, ಬ್ರಾಹ್ಮಣರಿಗೆ ಕೊಡಬೇಕು. ವರುಣನೇಕೆ? ಅರಸರ ಮೇಲೆ ದಂಡವನ್ನು ಹಿಡಿದವನು ಅವನೇ ಎಂದು ಮನುವು ಹೇಳಿದ್ದಾನೆ. ಸಾಮಾನ್ಯನಿಗೆ ಒಂದು ಕಾರ್ಷಾಪಣವು ದಂಡವಾಗುವಲ್ಲಿ ಅರಸನಿಗೆ ಸಾವಿರವೆಂದೂ ಅವನ ಮಾತುಂಟು. ಹೀಗೆ ಅರಸನಿಗೆ ದಂಡವಿದೆ, ಅದರ ಮೊತ್ತವಿದೆ, ದಂಡಧರನೂ ಇದ್ದಾನೆ. ಆದರೆ ಆ ದಂಡಧರನು ಜಲಾಧಿಪತಿ. ಅರಸನನ್ನು ಪ್ರತ್ಯರ್ಥಿಯಾಗಿ ಕರೆಸಿ, ಎದುರಿಗೆ ನಿಲ್ಲಿಸಿ, ಉತ್ತರವನ್ನು ಬರೆಸಿಕೊಳ್ಳುವ ಅಧಿಕರಣವನ್ನು ಶಾಸ್ತ್ರವು ಹೇಳಲಿಲ್ಲ. ಕಾನೂನು ಅರಸನಿಗಿಂತ ಮೇಲೆಂಬ ನಂಬಿಕೆಯು ಪೂರ್ಣವಾಗಿತ್ತು. ಅದನ್ನು ನಡೆಯಿಸುವ ಕೈ ಇರಲಿಲ್ಲ.

ವಿಜ್ಞಾನೇಶ್ವರನಿಗೆ ಈ ಶ್ಲೋಕವು ಸಾಲದೆಂದು ತೋರಿರಬೇಕು. ಮೂವತ್ತುಮಡಿಯು ಬ್ರಾಹ್ಮಣರಿಗೆ ಹೋಯಿತು, ದಂಡವನ್ನು ತೆತ್ತವನ ಗತಿಯೇನು? ಮೂಲದಲ್ಲಿಲ್ಲದ ಉತ್ತರವನ್ನು ಅವನು ಕೊಡುತ್ತಾನೆ: ಯಾರಿಂದ ಎಷ್ಟನ್ನು ಅನ್ಯಾಯವಾಗಿ ತೆಗೆದುಕೊಂಡಿತೋ ಅಷ್ಟನ್ನು ಅವನಿಗೆ ಹಿಂದಿರುಗಿಸಬೇಕು. ಇಲ್ಲವಾದರೆ ಅರಸನಿಗೆ ಅಪಹಾರದೋಷವು ತಟ್ಟುವುದು. ಅಲ್ಲದೆ, ದಂಡವೆಂಬ ಹೆಸರಿನಿಂದ ಅನ್ಯಾಯವಾಗಿ ಕಸಿದುಕೊಂಡ ಮಾತ್ರಕ್ಕೆ ಮೊದಲಿನ ಒಡೆಯನ ಸ್ವತ್ವವು ತುಂಡಾಗುವುದಿಲ್ಲ. ಅರಸನ ಬೊಕ್ಕಸವನ್ನು ಸೇರಿದ ಮೇಲೆಯೂ ಆ ಹಣವು ಪ್ರಜೆಯದೇ.

ಈ ಕಡೆಯ ಯುಕ್ತಿಯು ಎಲ್ಲಿಂದ ಬಂತೆಂಬುದನ್ನು ತಿಳಿಯಲು ದಾಯವಿಭಾಗಪ್ರಕರಣದ ಆರಂಭಕ್ಕೆ ಹೋಗಬೇಕು. ಸ್ವತ್ವವು ಶಾಸ್ತ್ರದಿಂದ ಹುಟ್ಟಿದುದೋ ಲೌಕಿಕವೋ ಎಂದು ಅಲ್ಲಿ ದೀರ್ಘವಾದ ಚರ್ಚೆಯಿದೆ. ಸ್ವತ್ವವು ಲೌಕಿಕವೆಂಬುದೇ ವಿಜ್ಞಾನೇಶ್ವರನ ಸಿದ್ಧಾಂತ. ಶಾಸ್ತ್ರವನ್ನೇ ಕಾಣದ ಗಡಿನಾಡಿನ ಜನರಲ್ಲಿಯೂ ಕ್ರಯವಿಕ್ರಯಗಳು ನಡೆಯುತ್ತವೆ, ನನ್ನದು ನಿನ್ನದೆಂಬ ವ್ಯವಹಾರವಿದೆ. ಆದುದರಿಂದ ಶಾಸ್ತ್ರವು ಸ್ವತ್ವವನ್ನು ಉಂಟುಮಾಡಿಲ್ಲ, ಇದ್ದುದನ್ನು ಗುರುತಿಸಿ ಕಾಪಾಡುತ್ತದೆ. ವಿದ್ವಾಂಸರು ಇದನ್ನು ತಂದೆಮಕ್ಕಳ ಪಾಲಿನ ವಿಷಯದಲ್ಲಿ ಮಾತ್ರ ಉಪಯೋಗಿಸಿದ್ದಾರೆ. ಆದರೆ ಗ್ರಂಥದೊಳಗೇ ಅದರ ನೆರಳು ಅರಸನ ದಂಡದವರೆಗೆ ಚಾಚಿದೆ. ಅರಸನು ಕೊಡದುದನ್ನು ಅರಸನು ಕಳೆಯಲಾರನು.

೧೯೭೫ರ ಜೂನ್ ೨೫ರಂದು ಭಾರತದಲ್ಲಿ ತುರ್ತುಪರಿಸ್ಥಿತಿಯು ಘೋಷಿತವಾಯಿತು. ಎರಡು ದಿನಗಳ ತರುವಾಯ ಹೊರಟ ರಾಷ್ಟ್ರಪತಿಯ ಆಜ್ಞೆಯು, ಪ್ರಾಣಕ್ಕೂ ದೇಹಸ್ವಾತಂತ್ರ್ಯಕ್ಕೂ ಸಂಬಂಧಿಸಿದ ೨೧ನೆಯ ಅನುಚ್ಛೇದವೇ ಮೊದಲಾದವುಗಳಿಗಾಗಿ ನ್ಯಾಯಸ್ಥಾನಕ್ಕೆ ಹೋಗುವ ಹಕ್ಕನ್ನು ತಡೆಹಿಡಿಯಿತು. ವಿಚಾರಣೆಯಿಲ್ಲದೆ ಸೆರೆಯಾದವರು ದೇಶದ ನಾನಾ ಕಡೆಗಳಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಸಲ್ಲಿಸಿದರು. ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರ ವಿಷಯವು ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ಬಂತು. ಬಂಧನವು ಶಾಸನಕ್ಕೆ ಅನುಗುಣವಾಗಿದೆಯೇ ಎಂಬಷ್ಟನ್ನಾದರೂ ನೋಡುವ ಅಧಿಕಾರವು ತಮಗುಂಟೆಂದು ಕರ್ನಾಟಕದ್ದೂ ಸೇರಿ ಒಂಬತ್ತು ಉಚ್ಚ ನ್ಯಾಯಾಲಯಗಳು ಹೇಳಿದುವು. ಸರಕಾರವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಪೋಲೀಸಿನವನೊಬ್ಬನು ಸ್ವಂತ ವೈರದಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಕೇಳಿದಾಗ, ತುರ್ತುಪರಿಸ್ಥಿತಿಯು ಇರುವವರೆಗೆ ಇಲ್ಲವೆಂಬುದೇ ತಮ್ಮ ವಾದದ ಫಲಿತಾರ್ಥವೆಂದು ಸರಕಾರದ ಅಟಾರ್ನಿ ಜನರಲ್ಲರು ಒಪ್ಪಿಕೊಂಡರು. ೧೯೭೬ರ ಏಪ್ರಿಲ್ ೨೮ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರಕಾರದ ಪಕ್ಷವನ್ನೇ ಎತ್ತಿಹಿಡಿದರು.

ಖನ್ನಾ ಒಬ್ಬರು ಬೇರೆಯಾಗಿ ಬರೆದರು. ಪ್ರಾಣಸ್ವಾತಂತ್ರ್ಯಗಳಿಗೆ ೨೧ನೆಯ ಅನುಚ್ಛೇದವೊಂದೇ ನೆಲೆಯಲ್ಲ; ಅದು ಇಲ್ಲದಿದ್ದರೂ ಕಾನೂನಿನ ಆಧಾರವಿಲ್ಲದೆ ಯಾರ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಕಳೆಯುವ ಅಧಿಕಾರವು ರಾಜ್ಯಕ್ಕಿಲ್ಲ, ಕಾನೂನಿನ ಆಳ್ವಿಕೆಯ ಸಾರವೇ ಅದು ಎಂಬುದು ಅವರ ನಿರ್ಣಯದ ತಿರುಳು. ಅವರು ಮಿತಾಕ್ಷರೆಯನ್ನು ಆಧರಿಸಿದರೆಂದು ಇಲ್ಲಿ ಹೇಳುತ್ತಿಲ್ಲ. ಅವರ ಆಧಾರಗಳು ಇಂಗ್ಲೆಂಡಿನ ನ್ಯಾಯಪರಂಪರೆಯವು. ಆದರೂ ಯುಕ್ತಿಯ ಮೈಕಟ್ಟು ಒಂದೇ. ಹಕ್ಕು ಬರೆಹದಿಂದ ಹುಟ್ಟಿದುದಾದರೆ ಬರೆಹವನ್ನು ಮುಚ್ಚಿಟ್ಟ ದಿನ ಅದು ಸಾಯುತ್ತದೆ. ಬರೆಹವು ಅದನ್ನು ಗುರುತಿಸಿದ್ದು ಮಾತ್ರವಾದರೆ ಮುಚ್ಚಿಟ್ಟ ಮೇಲೆಯೂ ಬದುಕಿರುತ್ತದೆ. ನಾಲ್ವರಿಗೂ ಒಬ್ಬರಿಗೂ ಇದ್ದ ಭೇದವನ್ನು ಸ್ವತ್ವವಿಚಾರದ ಪೂರ್ವಪಕ್ಷಸಿದ್ಧಾಂತಗಳ ಭಾಷೆಯಲ್ಲಿ ಹೇಳಿದರೆ ಅರ್ಥವು ಕೆಡುವುದಿಲ್ಲ.

ಸಭ್ಯರ ದಂಡದ ವಿಷಯದಲ್ಲಿ ಮಾತ್ರ ಹಳೆಯದಕ್ಕೂ ಹೊಸದಕ್ಕೂ ಹೊಂದಿಕೆಯಿಲ್ಲ. ತೀರ್ಪು ಕೊಟ್ಟುದಕ್ಕಾಗಿ ನ್ಯಾಯಾಧಿಪತಿಯನ್ನು ದಾವೆಗೆ ಎಳೆಯಕೂಡದೆಂದು ೧೮೫೦ರಷ್ಟು ಹಿಂದೆಯೇ ಈ ದೇಶದಲ್ಲಿ ಶಾಸನವಾಯಿತು. ಭಯವನ್ನು ದಂಡದಿಂದ ಓಡಿಸುವುದಕ್ಕೆ ಬದಲಾಗಿ ಭಯದ ಕಾರಣವನ್ನೇ ತೆಗೆಯುವ ಉಪಾಯವಿದು, ಮತ್ತು ಎರಡರಲ್ಲಿ ಉತ್ತಮವಾದುದು. ಆದರೆ ಶಾಸನವು ಮುಟ್ಟದ ದಂಡಗಳೂ ಉಂಟು. ೧೯೭೭ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿಯ ಸ್ಥಾನವು ತೆರವಾದಾಗ ಅತ್ಯಂತ ಹಿರಿಯರಾಗಿದ್ದವರು ಖನ್ನಾ. ಅವರನ್ನು ದಾಟಿ, ಬಹುಮತದ ನಾಲ್ವರಲ್ಲಿ ಒಬ್ಬರಾಗಿದ್ದ ಎಂ. ಎಚ್. ಬೇಗರನ್ನು ಸರಕಾರವು ನಿಯಮಿಸಿತು. ಖನ್ನಾ ರಾಜೀನಾಮೆಯನ್ನಿತ್ತರು. ಯಾಜ್ಞವಲ್ಕ್ಯನು ದಂಡವನ್ನು ವಿಧಿಸಿದುದು ತಡೆಯದ ಸಭ್ಯನಿಗೆ. ಇಲ್ಲಿ ಅದು ತಡೆದವನಿಗೆ ತಗುಲಿತು.

೧೯೭೮ರ ೪೪ನೆಯ ತಿದ್ದುಪಡಿಯಿಂದ ೨೦ ಮತ್ತು ೨೧ನೆಯ ಅನುಚ್ಛೇದಗಳ ಹಕ್ಕುಗಳನ್ನು ಯಾವ ತುರ್ತುಪರಿಸ್ಥಿತಿಯಲ್ಲಿಯೂ ತಡೆಹಿಡಿಯಲಾಗದೆಂದು ನಿರ್ಣಯವಾಯಿತು. ೧೯೭೬ರ ತೀರ್ಪು ಮಾತ್ರ ಮತ್ತೆ ನಾಲ್ಕು ದಶಕಗಳ ಕಾಲ ಗ್ರಂಥಗಳಲ್ಲಿ ಉಳಿದಿತ್ತು. ೨೦೧೭ರ ಆಗಸ್ಟ್ ೨೪ರಂದು ಖಾಸಗಿತನದ ಹಕ್ಕನ್ನು ವಿಚಾರಿಸಿದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಅದನ್ನು ತಳ್ಳಿಹಾಕಿತು. ಪ್ರಾಣವೂ ಸ್ವಾತಂತ್ರ್ಯವೂ ರಾಜ್ಯವು ದಯಪಾಲಿಸಿದ ಕೊಡುಗೆಗಳಲ್ಲವೆಂದು ಅಲ್ಲಿ ಬರೆದವರು ಡಿ. ವೈ. ಚಂದ್ರಚೂಡರು; ೧೯೭೬ರ ನಾಲ್ವರಲ್ಲಿ ಒಬ್ಬರಾಗಿದ್ದ ವೈ. ವಿ. ಚಂದ್ರಚೂಡರ ಮಗ. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿದ್ದು ನಿವೃತ್ತರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು.